ಸೋಮವಾರ ಹೂಡಿದ ಗಾಡಿ

ಕಾದಂಬರಿ ಓದಿ ಅಭಿಪ್ರಾಯ ಹೇಳುವುದು ನನ್ನ ಕೆಲಸವಾಗಿರಲಿಲ್ಲ. ವಿಜಾಪುರದ ಜೋರಾಪುರ ಪೇಟೆಯ ಒಂದು ಛಾಪಖಾನೆಯಲ್ಲಿ ನಾನು ಕರಡು ತಿದ್ದುತ್ತಿದ್ದೆ. ಮದುವೆಯ ಕರೆಯೋಲೆ, ಸಾಲೆಯ ಪ್ರಶ್ನೆಪತ್ರಿಕೆ, ನಾಟಕ ಕಂಪನಿಯ ಹಸ್ತಪತ್ರಿಕೆ, ವರ್ಷಕ್ಕೊಮ್ಮೆ ಗೋಡೆಗೆ ತೂಗುಹಾಕುವ ಪಂಚಾಂಗ, ಇಷ್ಟೇ ನನ್ನ ಸಾಹಿತ್ಯ. ಆದರೆ ಅದು ಯುದ್ಧದ ಕಾಲ. ಕಾಗದಕ್ಕೆ ಕಂಟ್ರೋಲು ಬಂದಿತ್ತು, ಪರವಾನಗಿ ಇಲ್ಲದೆ ಒಂದು ರೀಮು ಸಿಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬಬಲೇಶ್ವರದ ನಿವೃತ್ತ ಮಾಸ್ತರರೊಬ್ಬರು ದಪ್ಪನೆಯ ಕೈಬರಹದ ಕಟ್ಟೊಂದನ್ನು ನಮ್ಮ ಮಾಲಕರ ಮೇಜಿನ ಮೇಲೆ ಇಟ್ಟು ಹೋದರು. ಪತ್ತೇದಾರಿ ಕಾದಂಬರಿ. ಮಾಲಕರು ಅದನ್ನು ನನ್ನ ಕಡೆ ದೂಡಿದರು.

"ಇದನ್ನ ಓದಿ ಒಂದ ಪುಟ ಅಭಿಪ್ರಾಯ ಬರದು ಕೊಡ್ರಿ. ಇದರ ಮ್ಯಾಲೆ ಕಾಗದ ಹಾಕಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

"ನಾ ಯಾಕ್ರಿ? ಕಾದಂಬರಿ ಓದೂ ಮಂದಿ ಬ್ಯಾರೆ ಅದಾರ."

"ಅವರು ಓದಿದ್ರ ಛಲೋ ಐತಿ ಅಂತಾರ. ನಿಮಗ ಜಗತ್ತಿನ್ಯಾಗ ಯಾವದೂ ಛಲೋ ಕಾಣೂದಿಲ್ಲ. ನೀವ ಆಗಬೇಕು."

ಮಾತು ಸುಳ್ಳಲ್ಲ. ಕರಡು ತಿದ್ದುವವನಿಗೆ ಅನುಮಾನವೇ ಅನ್ನ. ಎಲ್ಲ ಸರಿಯಾಗಿದೆ ಎಂದು ಕಂಡ ಪುಟವನ್ನೇ ನಾನು ಎರಡು ಸಲ ಓದುತ್ತಿದ್ದೆ. ಮನೆಯಲ್ಲಿ ಹೆಂಡತಿ ಹಾಲು ಕೊಟ್ಟರೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುವ ಚಟ. "ಹಾಲಿನ್ಯಾಗೂ ಅಕ್ಷರ ತಪ್ಪ್ಯಾವೇನು?" ಎಂದು ಅವಳು ಕೇಳುತ್ತಿದ್ದಳು. ನಾನು ಇನ್ನೊಮ್ಮೆ ನೋಡಿ ಕುಡಿಯುತ್ತಿದ್ದೆ.

ಕಾದಂಬರಿಯ ಕಥೆ ಹೀಗಿತ್ತು. ಟಿಕೋಟದ ಕಿರಾಣಿ ವ್ಯಾಪಾರಿಯೊಬ್ಬ ಬಬಲೇಶ್ವರದ ದಾರಿಯ ಹಳ್ಳದಲ್ಲಿ ತಲೆ ಒಡೆದು ಸತ್ತು ಬಿದ್ದಿರುತ್ತಾನೆ. ಹೆಣ ಸಿಗುವ ಹೊತ್ತಿಗೆ ಎಷ್ಟೋ ದಿನಗಳಾಗಿವೆ. ಸತ್ತದ್ದು ಯಾವ ದಿನ ಎಂದು ಡಾಕ್ಟರರೂ ಖಚಿತವಾಗಿ ಹೇಳಲಾರರು. ಊರೂರು ತಿರುಗಿ ಹಾಸಿಗೆಯ ಹತ್ತಿ ಹಿಂಜುವ ಒಬ್ಬ ಪಿಂಜಾರನನ್ನು ಹಿಡಿಯುತ್ತಾರೆ. ಅವನು ಬಬಲೇಶ್ವರದಲ್ಲಿ ಕೆಲಸ ಮುಗಿಸಿ ಟಿಕೋಟದ ತನ್ನ ಮನೆಗೆ ಹೊರಟ ದಿನ ಯಾವುದೆಂದು ಕೆಲಸ ಕೊಟ್ಟವರು ಹೇಳುತ್ತಾರೆ. ಅದೇ ತಾರೀಖಿನ ಸಂಜೆ ಜೋಳದ ದಂಟಿನ ಮೇವು, ಕಣಕಿ, ಹೇರಿದ ಗಾಡಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದೆ, ಪಿಂಜಾರ ಕೈ ಒರೆಸಿಕೊಳ್ಳುತ್ತ ಹಳ್ಳದಿಂದ ಮೇಲೇರಿದ್ದನ್ನು ಕಂಡೆ ಎಂದು ಟಿಕೋಟದ ಒಬ್ಬ ರೈತ ಸಾಕ್ಷಿ ನುಡಿಯುತ್ತಾನೆ. ಬೇರೆ ಸಾಕ್ಷಿ ಇಲ್ಲ. ಪಿಂಜಾರನಿಗೆ ಜನ್ಮಠೇಪ, ಅಂದರೆ ಜೀವಾವಧಿ ಶಿಕ್ಷೆ ಆಗುತ್ತದೆ. ಆಮೇಲೆ ಮುಂಬಯಿಯಿಂದ ಒಬ್ಬ ಸುಂದರ ಬ್ಯಾರಿಸ್ಟರ್ ಬರುತ್ತಾನೆ. ನಿಜವಾದ ಕೊಲೆಗಾರ ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು "ನಾನೇ ಪಾಪಿ" ಎಂದು ಎದೆ ಬಡಿದುಕೊಳ್ಳುತ್ತಾನೆ. ಪಿಂಜಾರ ಬಿಡುಗಡೆಯಾಗುತ್ತಾನೆ. ಶುಭಂ.

ನೀಲಿ ಪೆನ್ಸಿಲ್ಲು ಹಿಡಿದು ನಾಲ್ಕು ದಿನ ಓದಿದೆ. ಎರಡನೆಯ ಅರ್ಧ ನಾಟಕ ಕಂಪನಿಯ ಮಾಲು. ಬ್ಯಾರಿಸ್ಟರನ ಕೋಟಿನ ಗುಂಡಿಗಳು ಸಹ ಹೊಳೆಯುತ್ತಿದ್ದವು. ಆದರೆ ಮೊದಲ ಅರ್ಧ ನನ್ನನ್ನು ಕಾಡಿತು. ಅದರಲ್ಲಿ ಯಾವುದೂ ಹೊಳೆಯುತ್ತಿರಲಿಲ್ಲ. ಹತ್ತಿ ಹಿಂಜುವ ಬಿಲ್ಲು ಕೋರ್ಟಿನ ಬಾಗಿಲಲ್ಲಿ ಹಿಡಿಸದೆ ಸಿಪಾಯಿ ಅದನ್ನು ಓರೆ ಮಾಡಿ ಒಳಗೆ ತಂದದ್ದು, ತಂತಿ ಬಾಗಿಲ ಚೌಕಟ್ಟಿಗೆ ತಾಗಿ ಸದ್ದು ಮಾಡಿದ್ದು, ಎಲ್ಲರೂ ನಕ್ಕಾಗ ಕೈದಿಯೂ ನಕ್ಕುಬಿಟ್ಟದ್ದು. ಇದನ್ನು ಕೂತಲ್ಲಿ ಕಲ್ಪಿಸಲು ಆಗುವುದಿಲ್ಲ. ಬರೆದವನು ಇಷ್ಟೆಲ್ಲ ಎಲ್ಲಿ ಕಂಡ ಎಂಬ ಹುಳ ತಲೆಯಲ್ಲಿ ಹೊಕ್ಕಿತು.

ಗಾಡಿಯವನ ಸಾಕ್ಷಿಯ ಅಧ್ಯಾಯದಲ್ಲಿ ಮಾಸ್ತರರು ಪೂರ್ತಿ ತಾರೀಖು ಬರೆದಿದ್ದರು. ಅದನ್ನು ನಾನಿಲ್ಲಿ ಕೊಡುವುದಿಲ್ಲ, ಆ ಮನೆಗಳವರು ಇನ್ನೂ ಅಲ್ಲೇ ಇದ್ದಾರೆ. ಪಂಚಾಂಗ ತಿದ್ದುವವನಿಗೆ ಒಂದು ರೋಗವಿರುತ್ತದೆ. ತಾರೀಖು ಕಂಡರೆ ಸಾಕು, ವಾರ ಹುಡುಕುತ್ತಾನೆ. ನನ್ನ ಹಿಂದಿನ ಗೋಡೆಯ ಮೊಳೆಗೆ ನಾವು ಛಾಪಿಸಿದ ಹಳೆಯ ಪಂಚಾಂಗಗಳೆಲ್ಲ ತೂಗುತ್ತಿದ್ದವು. ಧೂಳು ಕೊಡವಿ ಆ ವರ್ಷದ್ದನ್ನು ತೆಗೆದು ನೋಡಿದೆ. ಆ ದಿನ ಸೋಮವಾರ.

ಕನಮಡಿಯಲ್ಲಿ ನನ್ನ ಸೋದರಮಾವನ ಒಕ್ಕಲುತನ ಇತ್ತು. ಚಿಕ್ಕಂದಿನಲ್ಲಿ ಒಂದು ಸೋಮವಾರ ಗಾಡಿ ಹೂಡು, ಊರಿಗೆ ಬಿಡು ಎಂದು ಹಟ ಹಿಡಿದು ಅವನಿಂದ ಕಪಾಳಕ್ಕೆ ತಿಂದಿದ್ದೆ. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಿಡಿ ಹೆಚ್ಚು ಮೇವು ಹಾಕಿ ಸುಮ್ಮನೆ ಕಟ್ಟುತ್ತಾರೆ. ನಾನು ಕೈಬರಹದ ಅಂಚಿನಲ್ಲಿ ಬರೆದೆ: "ಸೋಮವಾರ. ಈ ಕಡೆಯ ರೈತ ಎತ್ತು ಹೂಡುವುದಿಲ್ಲ. ತಾರೀಖು ಬದಲಿಸಿರಿ." ಇಂಥ ತಿದ್ದುಪಡಿಗಳನ್ನೆಲ್ಲ ಒಂದು ಕಾಗದದಲ್ಲಿ ಪಟ್ಟಿ ಮಾಡಿ ಬಬಲೇಶ್ವರಕ್ಕೆ ಟಪಾಲು ಹಾಕಿದೆ.

ವಾರದೊಳಗೆ ಕಾರ್ಡು ಬಂತು. ಉಳಿದೆಲ್ಲ ತಿದ್ದುಪಡಿಗೆ ಮಾಸ್ತರರ ಒಪ್ಪಿಗೆ ಇತ್ತು. ಕೊನೆಗೆ ಒಂದೇ ಸಾಲು: "ತಾರೀಖು ಮಾತ್ರ ಬದಲಿಸಲು ಬರುವುದಿಲ್ಲ, ಕ್ಷಮೆ ಇರಲಿ."

ಕಾದಂಬರಿ ಬರೆದವನಿಗೆ ತಾರೀಖು ಬದಲಿಸಲು ಏನು ಅಡ್ಡಿ? ನಾಯಕಿಯ ಹೆಸರು ಬದಲಿಸಿರೆಂದರೆ ಒಪ್ಪಿದ ಮನುಷ್ಯ ಇವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ. ಮಾಲಕರಿಗೆ ಹೇಳಿ ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ. ಆಗ ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂದಿನ ಒಲೆ ಹೊಗೆ ಕಾರುತ್ತಿತ್ತು, ಏರು ಬಂದಲ್ಲೆಲ್ಲ ನಾವು ಇಳಿದು ನಡೆಯುತ್ತಿದ್ದೆವು. ಹೀಗೆ ಹತ್ತಿ ಇಳಿಯುತ್ತಲೇ, ಆ ಕೊಲೆ ಮಾಡಿದವರು ಮಾಸ್ತರರೇ ಇರಬೇಕೆಂದು ನಾನು ಮುಕ್ಕಾಲು ಪಾಲು ತೀರ್ಮಾನಿಸಿಬಿಟ್ಟಿದ್ದೆ.

ಮಾಸ್ತರರು ತೆಳ್ಳಗಿನ, ಬಿಳಿ ರುಮಾಲಿನ ಮನುಷ್ಯ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡ್ರಿಸಿದರು. ನಾನು ಚಹಾ ಮುಟ್ಟದೆ ನೇರ ಕೇಳಿದೆ.

"ಇದು ಕಟ್ಟಿದ ಕಥಿ ಅಲ್ಲ. ನೀವು ಆ ಕೋರ್ಟಿನ್ಯಾಗ ಇದ್ರಿ, ಹೌದಲ್ರಿ?"

ಅವರು ಬಾಗಿಲ ಕಡೆ ನೋಡಿದರು. "ಇದ್ದೆ. ಅಸೆಸರ್ ಆಗಿ ಕುಂತಿದ್ದೆ."

ಆಗಿನ ದೊಡ್ಡ ಖಟ್ಲೆಗಳಲ್ಲಿ ಊರಿನ ಮರ್ಯಾದಸ್ಥರು ಕೆಲವರನ್ನು ಕರೆಸಿ ನ್ಯಾಯಾಧೀಶರ ಪಕ್ಕ ಕೂಡ್ರಿಸುತ್ತಿದ್ದರು. ವಿಚಾರಣೆ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು. ಅವರನ್ನೇ ಅಸೆಸರ್ ಎನ್ನುತ್ತಿದ್ದರು.

"ಅಂದ್ರ ಪಿಂಜಾರ ಖರೇನ ಅದಾನ?"

"ಜೈಲಿನ್ಯಾಗ ಅದಾನ. ಮೂರನೇ ವರ್ಷ ನಡದೈತಿ. ಹೈಕೋರ್ಟಿನ ಅಪೀಲೂ ವಜಾ ಆತು."

"ನೀವು ಏನ ಅಭಿಪ್ರಾಯ ಕೊಟ್ಟಿದ್ರಿ?"

"ತಪ್ಪ ಮಾಡ್ಯಾನ ಅಂದೆ. ಎಲ್ಲಾರೂ ಅಂದ್ವಿ." ಮಾಸ್ತರರ ದನಿ ಸಣ್ಣದಾಯಿತು. "ಹೊರಗ ಬಂದ್ರ ಅವನ ಹೆಣ್ತಿ ಕಟ್ಟಿ ಮ್ಯಾಲೆ ಕುಂತಿದ್ಲು. ಅಳಲಿಲ್ರಿ. ನನ್ನ ಮಾರಿ ನೋಡಿದ್ಲು, ಅಷ್ಟ. ಅವತ್ತಿಂದ ನನಗ ಅನ್ನ ಸೇರವಲ್ದು. ಎಲ್ಲೋ ತಪ್ಪೇತಿ ಅನಸ್ತಿತ್ತು, ಎಲ್ಲಿ ಅಂತ ತಿಳೀವಲ್ದು. ಕಾದಂಬರ್ಯಾಗರ ಅವನ್ನ ಬಿಡಸೂಣು ಅಂತ ಬರದೆ."

ನಾನು ಚೀಲದಿಂದ ಹಳೆಯ ಪಂಚಾಂಗ ತೆಗೆದು ಅವರ ಮುಂದೆ ಬಿಡಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಆ ತಾರೀಖಿನ ಚೌಕದ ಮೇಲೆ ಬೆರಳಿಟ್ಟರು. ನಾನು ಬರೆದ ತಿದ್ದುಪಡಿ ಓದಿದಾಗ ಅವರು ಅದನ್ನು ವಾರದ ಲೆಕ್ಕ ತಪ್ಪಿದ ಪೇಟೆಯವನ ಗೊಣಗಾಟ ಎಂದುಕೊಂಡಿದ್ದರಂತೆ. ತಾರೀಖು ಕೋರ್ಟಿನದು, ಅದು ತಪ್ಪಿರಲು ಸಾಧ್ಯವೇ ಇಲ್ಲವೆಂದು ಪಂಚಾಂಗ ತೆರೆದು ನೋಡಿರಲಿಲ್ಲ.

"ನಮ್ಮ ಮನ್ಯಾಗೂ ಹೂಡೂದಿಲ್ರಿ ಸ್ವಾಮಾರ," ಎಂದರು, ಸೋಮವಾರಕ್ಕೆ ನಮ್ಮ ಕಡೆಯ ಮಾತು. "ಆದ್ರ ಕೋರ್ಟಿನ್ಯಾಗ ವಾರ ಯಾರ ಕೇಳ್ತಾರ? ಎಲ್ಲಾ ತಾರೀಖಿನ ಮ್ಯಾಲೆ ನಡೀತಿತ್ತು. ಇಂತಾ ತಾರೀಖು, ಇಂತಾ ತಾರೀಖು. ನಾನೂ ತಾರೀಖ ಕೇಳಕೋಂತ ಕುಂತೆ."

ಅದೇ ಆದದ್ದು. ಹಳ್ಳಿಯಲ್ಲಿ ವಾರ, ತಿಥಿ, ಹುಣ್ಣಿಮೆ, ಅಮಾವಾಸ್ಯೆ ನಡೆಯುತ್ತವೆ, ತಾರೀಖು ಸರಕಾರದ್ದು. ಸಾಕ್ಷಿಗೆ ಪಾಠ ಹೇಳಿಕೊಟ್ಟವರು ತಾರೀಖು ಬಾಯಿಪಾಠ ಮಾಡಿಸಿದ್ದರು. ಅವನು ಗಿಳಿಯಂತೆ ಒಪ್ಪಿಸಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮಲ್ಲಿದೆ. ಅಲ್ಲಿ ಕೂತಿದ್ದ ಇಷ್ಟು ಜನ ಕಟ್ಟಿಯೇಬಿಟ್ಟಿದ್ದರು.

ಆದರೂ ನನ್ನ ಅನುಮಾನ ತೀರಲಿಲ್ಲ. ಸೋಮವಾರ ಹೂಡದವರು ಇದ್ದಾರೆ, ಹೂಡುವವರೂ ಇದ್ದಾರೆ. ಬಿತ್ತುವ ಕೂರಿಗೆ ಹೂಡದೆ ಗಾಡಿ ಮಾತ್ರ ಹೂಡುವ ಜಾಣರೂ ಇದ್ದಾರೆ. ಈ ಮನುಷ್ಯ ಯಾವ ಪೈಕಿ ಎಂದು ತಿಳಿಯಬೇಕು. ಕೇಳಿದರೆ ಎಚ್ಚರಾಗುತ್ತಾನೆ. ಅದಕ್ಕೆ ಮುಂದಿನ ಸೋಮವಾರ ರಜೆ ಹಾಕಿ ಟಿಕೋಟಕ್ಕೆ ಹೋದೆ. ಬಾಯಿಂದ ಕೇಳುವ ಮೊದಲು ಕಣ್ಣಿಂದ ನೋಡಬೇಕು.

ಮೊದಲು ಪಿಂಜಾರನ ಮನೆ ಹುಡುಕಿದೆ. ಅವನ ಹೆಂಡತಿ ಅಂಗಳದಲ್ಲಿ ಯಾರದೋ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸದೆ ನನ್ನನ್ನು ಕೆಳಗಿಂದ ಮೇಲೆ ಅಳೆದಳು.

"ಯಾರ ಕಡ್ಯಾವ್ರಿ ನೀವು? ಪೊಲೀಸ ಜಮಾದಾರನ ಕಡ್ಯಾವ್ರೋ, ವಕೀಲನ ಕಡ್ಯಾವ್ರೋ?"

"ಯಾರ ಕಡೆಯವನೂ ಅಲ್ಲ ತಂಗಿ."

"ಯಾರ ಕಡ್ಯಾವ್ರೂ ಅಲ್ಲಂದ್ರ ಯಾಕ ಬಂದೀರಿ?"

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಒಂದು ತಪ್ಪು ಕಣ್ಣಿಗೆ ಬಿದ್ದಿತ್ತು, ತಿದ್ದದೆ ಬಿಡಲು ಕೈ ಒಪ್ಪುತ್ತಿರಲಿಲ್ಲ. "ಗಾಡಿ ಹೊಡಕೊಂಡ ಬಂದೆ ಅಂದನಲ್ಲ, ಅವನ ಮನೀ ಎಲ್ಲಿ?" ಎಂದೆ. ಅವಳು ಸೂಜಿಯಿಂದಲೇ ಓಣಿಯ ತುದಿ ತೋರಿಸಿದಳು. "ಹೋಗ್ರಿ. ಅವ ನಿಮಗ ಚಹಾ ಕೊಡ್ತಾನ. ಭಾಳ ಛಲೋ ಮನಿಶ್ಯಾ," ಎಂದಳು. ಅಂಥ ಮಾತನ್ನು ಅಷ್ಟು ತಣ್ಣಗೆ ಹೇಳುವುದನ್ನು ನಾನು ಕೇಳಿರಲಿಲ್ಲ.

ಗಾಡಿ ಅಂಗಳದಲ್ಲಿ ಮೂಕಿ ಊರಿ ನಿಂತಿತ್ತು. ನೊಗ ಗೋಡೆಗೆ ಆನಿಸಿತ್ತು. ಎರಡು ಬಿಳಿ ಎತ್ತುಗಳು ತೊಳೆದ ಮೈಯಲ್ಲಿ, ಹಣೆಯ ತುಂಬ ವಿಭೂತಿ ಧರಿಸಿ ಮೆಲುಕು ಹಾಕುತ್ತಿದ್ದವು. ಸಾಕ್ಷಿ ಹೇಳಿದ ರೈತ, ನಲವತ್ತರ ಗಟ್ಟಿ ಆಳು, ಒಂದರ ಕೊಂಬಿಗೆ ಎಣ್ಣೆ ಸವರುತ್ತಿದ್ದ. ಪಕ್ಕದ ಮನೆಯ ಕಟ್ಟೆಯ ಮೇಲೆ ಇಬ್ಬರು ಮುದುಕರು ತಂಬಾಕು ತಿಕ್ಕುತ್ತ ಕೂತಿದ್ದರು. ನಾನು ವಿಜಾಪುರದ ಛಾಪಖಾನೆಯವನೆಂದೂ, ಮುಂದಿನ ವರ್ಷದ ಪಂಚಾಂಗದಲ್ಲಿ ರೈತರಿಗೆ ಬೇಕಾದ ದಿನಗಳಿಗೆ ಕೆಂಪು ಮಸಿ ಹಾಕಬೇಕೆಂದಿದ್ದೇವೆಂದೂ ಹೇಳಿದೆ. ಅರ್ಧ ನಿಜ, ಅರ್ಧ ಬಲೆ.

"ಸ್ವಾಮಾರ ಎಲ್ಲಾ ಕೆಂಪ ಮಾಡ್ರಿ," ಎಂದ ಅವನು ಖುಷಿಯಿಂದ. "ಈಗಿನ ಹುಡುಗ್ರಿಗೆ ಮರತ ಹೋಗೇತಿ."

"ಕೂರಿಗಿ ಹೂಡೂದಿಲ್ಲ, ಸರಿ. ಗಾಡಿಗೇನ ಅಡ್ಡಿ ಇಲ್ಲಲ್ಲ?"

"ಹ್ಯಾಂಗ ಮಾತಾಡ್ತೀರಿ! ಗಾಡಿ ಏನ ನಿಮ್ಮ ಬಸ್ಸಿನಂಗ ಇದ್ದಲಿ ಮ್ಯಾಲೆ ಹೋಗ್ತೈತೇನ್ರಿ? ಅದನ್ನ ಎಳ್ಯಾವನೂ ಬಸವಣ್ಣನ." ಕಟ್ಟೆಯ ಮುದುಕರು ನಕ್ಕರು. ಅವನಿಗೆ ಹುರುಪು ಬಂತು. "ನಮ್ಮ ಮುತ್ಯಾನ ಕಾಲದಿಂದ ಈ ಮನ್ಯಾಗ ಸ್ವಾಮಾರ ನೊಗ ಎತ್ತಿಲ್ಲ. ನಮ್ಮವ್ವ ಸತ್ತದ್ದೂ ಸ್ವಾಮಾರ. ಅಕ್ಕನ ಊರಿಗೆ ಸುದ್ದಿ ಮುಟ್ಟಸಾಕ ನಡಕೋಂತ ಹೋದೆ. ಗಾಡಿ ಹೂಡಲಿಲ್ಲ."

ನಾನು ಚೀಲದಿಂದ ಹಳೆಯ ಪಂಚಾಂಗ ತೆಗೆದೆ. ಆ ತಾರೀಖು ಗಟ್ಟಿಯಾಗಿ ಓದಿ, "ಈ ದಿನ ನಿಮಗ ನೆನಪೈತಿ ಅಲ್ಲ? ಕೋರ್ಟಿನ್ಯಾಗ ಹೇಳಿದ್ರಿ. ಕಣಕಿ ಹೇರಕೊಂಡ ಬರಾಕತ್ತಿದ್ದೆ ಅಂತ. ಇದು ಯಾವ ವಾರ ಗೊತ್ತೈತೇನು?" ಎಂದೆ.

ಅವನು ಪಂಚಾಂಗ ನೋಡಲಿಲ್ಲ, ಓದು ಬರುತ್ತಿರಲಿಲ್ಲ. ನನ್ನ ಮುಖ ನೋಡಿದ. ಎಣ್ಣೆಯ ಕೈ ಕೊಂಬಿನ ಮೇಲೆ ಹಾಗೇ ನಿಂತಿತು.

"ಸ್ವಾಮಾರ," ಎಂದೆ.

"ಮನೀ ಬಿಟ್ಟ ನಡೀರಿ ಮೊದಲ."

ಕಟ್ಟೆಯ ಮೇಲಿನ ಒಬ್ಬ ಮುದುಕ ತಂಬಾಕು ಉಗುಳಿ ಎದ್ದು ನಿಂತ. "ಏನಲೇ, ಸ್ವಾಮಾರ ಹೂಡಿದ್ದೇನು?"

ರೈತ ಎತ್ತಿನ ಕಡೆ ಮುಖ ತಿರುಗಿಸಿದ. ನಾನು ಚೀಲ ಎತ್ತಿಕೊಂಡು ಹೊರಬಿದ್ದೆ. ಗೆದ್ದ ಸಂತೋಷ ಇರಬೇಕಿತ್ತು, ಇರಲಿಲ್ಲ. ತನ್ನ ಒಳ್ಳೆಯ ಗುಣ ಹೇಳಿಕೊಳ್ಳುವಾಗಲೇ ಒಬ್ಬನನ್ನು ಹಿಡಿದಿದ್ದೆ. ಅಸಹ್ಯ ಎನಿಸಿತು.

ವಿಜಾಪುರದಲ್ಲಿ ಒಬ್ಬ ಹಿರಿಯ ವಕೀಲರಿದ್ದರು. ನಮ್ಮಲ್ಲೇ ತಮ್ಮ ಲೆಟರ್‌ಹೆಡ್ ಛಾಪಿಸುತ್ತಿದ್ದರು. ಎಲ್ಲ ಕೇಳಿ ನಸ್ಯ ಏರಿಸಿದರು.

"ಅಪೀಲು ಮುಗಿದದ. ಇನ್ನ ಗವರ್ನರರಿಗೆ ಅರ್ಜಿ ಒಂದ ಹಾದಿ. ಅದಕ್ಕ ಜಡ್ಜಮೆಂಟಿನ ನಕಲು ಬೇಕು, ಸಾಕ್ಷಿ ಹೇಳಿಕೆಯ ನಕಲು ಬೇಕು, ಮಾಸ್ತರರ ಅಫಿಡವಿಟ್ ಬೇಕು. ಮುಖ್ಯ, ಸಾಕ್ಷಿದಾರನ ಬಾಯಿಂದ ಬರಬೇಕು. ನಿಮ್ಮ ಪಂಚಾಂಗ ಕಟಕಟೆಯೊಳಗ ನಿಂತು ಮಾತಾಡೂದಿಲ್ಲ. ಮತ್ತ ಇನ್ನೊಂದು ಕೇಳ್ರಿ. ಆ ಕಾದಂಬರಿ ಛಾಪ ಆದ್ರ ನಾ ಈ ಕೆಲಸ ಮುಟ್ಟೂದಿಲ್ಲ. ಪುಸ್ತಕ ಮಾರಲಿಕ್ಕೆ ಅರ್ಜಿ ಹಾಕ್ಯಾರ ಅಂತಾರ ಮಂದಿ."

ನಕಲಿಗೆ ಅರ್ಜಿ ಕೊಟ್ಟೆ. ಬಹಳ ದಿನ ಕಾದ ಮೇಲೆ ಬಂತು. ಬಿಡಿಸಿ ನೋಡಿದರೆ ಗಾಡಿಯವನ ಹೇಳಿಕೆಯಲ್ಲಿ ಮರುದಿನದ ತಾರೀಖು ಇತ್ತು. ಅಂದರೆ ಮಂಗಳವಾರ. ಮಾಸ್ತರರು ತಪ್ಪು ಬರೆದರೇ? ಅಥವಾ ಯಾರಾದರೂ ಬೇಕೆಂದೇ ತಿದ್ದಿದರೇ? ಮೊದಲ ಅನುಮಾನ ಎರಡನೆಯದರ ಮೇಲೇ ಹೋಯಿತು, ನನ್ನ ಸ್ವಭಾವ ಅಂಥದ್ದು. ಆಮೇಲೆ ನನ್ನ ಕಸುಬಿನ ಪ್ರಕಾರ ನಡೆದೆ. ಒಂದು ಅಂಕಿಯ ಮೇಲೆ ಸಂಶಯ ಬಂದರೆ ಅದೇ ಅಂಕಿ ಬೇರೆಲ್ಲಿ ಬಂದಿದೆಯೋ ಅಲ್ಲೆಲ್ಲ ಹುಡುಕಬೇಕು. ಜಡ್ಜಮೆಂಟಿನಲ್ಲಿ ಆ ತಾರೀಖು ಮೂರು ಕಡೆ ಇತ್ತು, ಮೂರೂ ಕಡೆ ಸೋಮವಾರದ್ದೇ. ನಕಲು ಮಾಡಿದವನ ಕಣ್ಣು ಒಂದು ಸಾಲು ಜಾರಿತ್ತು, ಅಷ್ಟೇ. ಮೂಲದೊಡನೆ ತಾಳೆ ನೋಡಿ ತಿದ್ದಿಕೊಡಿರೆಂದು ಮತ್ತೆ ಅರ್ಜಿ, ಮತ್ತೆ ಕಾಯುವುದು. ಅಷ್ಟರಲ್ಲಿ ಮಳೆಗಾಲ ಮುಗಿಯಿತು.

ಸಾಕ್ಷಿದಾರನ ಬಳಿಗೆ ವಕೀಲರ ಗುಮಾಸ್ತ ಎರಡು ಸಲ ಹೋಗಿ ಬಂದ. ಹೆಬ್ಬೆಟ್ಟು ಕೊಡುವುದಿಲ್ಲ ಎಂದು ಖಡಾಖಂಡಿತ ಉತ್ತರ ಬಂತು. ಸುಳ್ಳು ಸಾಕ್ಷಿ ಒಪ್ಪಿಕೊಂಡರೆ ಜೈಲು ಅವನಿಗೇ. ಯಾರು ಒಪ್ಪುತ್ತಾರೆ? ನಾನೂ ಆಸೆ ಬಿಟ್ಟೆ. ಇತ್ತ ಮಾಲಕರಿಗೆ ಕಾಗದದ ಪರವಾನಗಿ ಸಿಕ್ಕಿತ್ತು. "ನಿಮ್ಮ ಅಭಿಪ್ರಾಯ ಎಲ್ಲೈತ್ರಿ?" ಎಂದು ದಿನಾ ಕೇಳುತ್ತಿದ್ದರು. ಮಾಸ್ತರರಿಗೆ ಅರವತ್ತರ ಮೇಲಾಗಿತ್ತು, ಬರೆದದ್ದು ಅದೊಂದೇ. ಅರ್ಜಿಯಂತೂ ಏಳುವ ಲಕ್ಷಣವಿಲ್ಲ, ಪುಸ್ತಕವಾದರೂ ಆಗಲಿ ಎಂದು ನನ್ನ ಮನಸ್ಸೇ ಒಂದೆರಡು ದಿನ ವಕೀಲಿ ಮಾಡಿತು.

ಒಂದು ಬೆಳಿಗ್ಗೆ ನಾನು ಕರಡಿನ ಮೇಲೆ ಬಗ್ಗಿದ್ದಾಗ ಬಾಗಿಲಲ್ಲಿ ಯಾರೋ ನಿಂತರು. ಟಿಕೋಟದ ಆ ರೈತ. ರುಮಾಲು ಕಂಕುಳಲ್ಲಿತ್ತು, ಮುಖ ಇಳಿದಿತ್ತು. ಜಮಾದಾರ ಕಳಿಸಿರಬೇಕು, ಹೊಡೆಯಲು ಬಂದಿರಬೇಕು ಎಂದು ನಾನು ಮೊದಲು ನೋಡಿದ್ದು ಅವನ ಕೈಯನ್ನು. ಬರಿಗೈ.

"ನಿಮ್ಮ ವಕೀಲನ ಮನೀಗೆ ನಡೀರಿ. ಹೆಬ್ಬಟ್ಟ ಒತ್ತತೇನಿ."

"ಯಾರ ಹೇಳಿ ಕಳಸ್ಯಾರ ನಿನ್ನ?"

"ಯಾರ ಹೇಳಬೇಕ್ರಿ?" ಎಂದ ಅವನು. "ನೀವು ಬಂದು ಹ್ವಾದಮ್ಯಾಲೆ ಊರಾಗ ಒಂದ ಮಾತು ನಡದೈತಿ. ನಾ ಸ್ವಾಮಾರ ಎತ್ತ ಹೂಡಿದೆ ಅಂತ. ನನ್ನ ಬೀಗ್ರು ಮನೀಗೆ ಬರವಲ್ರು. ಕಟ್ಟಿ ಮ್ಯಾಲೆ ಕುಂತ್ರ ಮಂದಿ ಮಾತ ನಿಲ್ಲಸ್ತಾರ. ಮೊನ್ನಿ ಮಠದಾಗ ಅಯ್ನಾರು ಎಲ್ಲಾರ ಮುಂದ ಕೇಳಿದ್ರು. ಹೂಡಿದ್ದೆ ಅನ್ನು, ಇಲ್ಲಾ ಇಲ್ಲಂತನ್ನು ಅಂದ್ರು."

"ನೀ ಏನಂದಿ?"

"ಹೂಡಿದ್ದೆ ಅಂತ ಹ್ಯಾಂಗ ಅನ್ನಲಿ? ಹೂಡಿಲ್ಲ. ಹೂಡಿಲ್ಲ ಅಂದ್ರ ಹಳ್ಳದಾಗ ಯಾವನ್ನೂ ನೋಡಿಲ್ಲ." ಅವನು ರುಮಾಲಿನಿಂದ ಮುಖ ಒರೆಸಿಕೊಂಡ. "ಸುಳ್ಳ ಸಾಕ್ಷಿ ಅಂದ್ರ ಅನ್ನಲಿ. ಜೈಲಿಗೆ ಹಾಕಿದ್ರ ಹಾಕಲಿ. ಸ್ವಾಮಾರ ನೊಗ ಇಟ್ಟಾನ ಅಂತ ಅನಸ್ಕೊಂಡ ಬದಕೂದಿಲ್ಲ."

ನನಗೆ ಒಮ್ಮೆ ಸಿಟ್ಟು ಬಂತು. ಒಬ್ಬ ಮನುಷ್ಯನ ಹೆಗಲಿಗೆ ಜೀವಮಾನದ ನೊಗ ಇಡುವಾಗ ನಡುಗದ ಕೈ ಇದು. ಹಾಗೆಂದು ಬೈಯುವ ಬದಲು ಚಪ್ಪಲಿ ಮೆಟ್ಟಿದೆ. ವಕೀಲರ ಮನೆಗೆ ನಡೆಯುತ್ತ ಅವನೇ ಉಳಿದದ್ದನ್ನು ಹೇಳಿದ. ಆ ವರ್ಷ ಸರಕಾರ ಕಡ್ಡಾಯವಾಗಿ ಕೊಳ್ಳುವ ಲೆವ್ಹಿಗೆ ಕೊಡಬೇಕಾದ ಜೋಳವನ್ನು ಅವನು ನೆಲದೊಳಗಿನ ಹಗೇವಿನಲ್ಲಿ ಅಡಗಿಸಿದ್ದ. ಅದು ಕೊಲೆಯ ತಪಾಸಿಗೆ ಬಂದಿದ್ದ ಪೊಲೀಸ್ ಜಮಾದಾರನಿಗೆ ತಿಳಿಯಿತು. ಹಗೇವು ಮುಚ್ಚಿರಬೇಕೆಂದರೆ ಬಾಯಿ ತೆರೆಯಬೇಕು ಎಂದನಂತೆ.

ಹೆಬ್ಬೆಟ್ಟು ಒತ್ತಿದ ಮೇಲೂ ನಾನು ಬರಹವನ್ನು ಅವನಿಗೆ ಎರಡು ಸಲ ಓದಿ ಹೇಳಿದೆ. ನಾಳೆ ಇದು ನನ್ನ ಮಾತಲ್ಲ ಎಂದರೆ ಎಂಬ ಭಯ. ವಕೀಲರು, "ಸಾಕ್ರಿ, ಇದೇನ ಕರಡಲ್ಲ," ಎಂದು ನಕ್ಕರು.

ಅದೇ ವಾರ ಬಬಲೇಶ್ವರಕ್ಕೆ ಹೋದೆ. ಪುಸ್ತಕ ಇಲ್ಲವೇ ಅಫಿಡವಿಟ್, ಎರಡರಲ್ಲಿ ಒಂದು ಎಂದು ಮಾಸ್ತರರಿಗೆ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅವರು ವಾದ ಮಾಡಲಿಲ್ಲ. "ಬ್ಯಾರಿಸ್ಟರನ ಭಾಷಣ ಮಾತ್ರ ಛಲೋ ಬಂದಿತ್ತು, ಅಲ್ರಿ?" ಎಂದು ಕೇಳಿದರು. ನಾನು ಜೀವನದಲ್ಲಿ ಅಪರೂಪಕ್ಕೆ ಒಂದು ಸುಳ್ಳು ಹೇಳಿದೆ. "ಭಾಳ ಛಲೋ ಬಂದಿತ್ರಿ," ಎಂದೆ. ಅವರು ಅಫಿಡವಿಟ್ಟಿಗೆ ಸಹಿ ಹಾಕಿದರು. ನ್ಯಾಯಾಧೀಶರ ಪಕ್ಕ ಕೂತು ತಪ್ಪು ಅಭಿಪ್ರಾಯ ಕೊಟ್ಟೆ, ವಾರ ಕೇಳಬೇಕಿತ್ತು, ಕೇಳಲಿಲ್ಲ ಎಂದು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು. ಕೈಬರಹವನ್ನು ತಿರುಗಿ ಕೇಳಲಿಲ್ಲ, ನನ್ನ ಹತ್ತಿರವೇ ಇರಲಿ ಎಂದರು. ನಾನು ಮಾಲಕರಿಗೆ ಒಂದು ಪುಟ ಬರೆದುಕೊಟ್ಟೆ: "ಕೃತಿ ಛಾಪಿಸಲು ಯೋಗ್ಯವಲ್ಲ." ಮಾಲಕರು ಓದಿ, "ಹೇಳಿದ್ನಲ್ಲ, ನಿಮಗ ಯಾವದೂ ಛಲೋ ಕಾಣೂದಿಲ್ಲ ಅಂತ," ಎಂದರು.

ಅರ್ಜಿ ಹೋಯಿತು. ಪ್ರಶ್ನೆಗಳು ಬಂದವು, ಉತ್ತರ ಹೋದವು. ಟಿಕೋಟದಲ್ಲಿ ಮತ್ತೆ ವಿಚಾರಣೆ ನಡೆಯಿತು. ಆ ಇಬ್ಬರು ಮುದುಕರೂ ಹೇಳಿಕೆ ಕೊಟ್ಟರು. ಕಾಗದಗಳು ಎಲ್ಲೋ ಕಳೆದಿವೆ, ಯಾರೋ ಕೆಳಗೆ ಹಾಕಿ ಕೂತಿದ್ದಾರೆ ಎಂದು ನಾನು ದಿನಾ ಅನುಮಾನಿಸಿದೆ. ಆದರೆ ಕೊನೆಗೆ ಆದೇಶ ಬಂತು. ಪಿಂಜಾರನನ್ನು ಬಿಟ್ಟರು. ರೈತನ ಮೇಲೆ ಸುಳ್ಳು ಸಾಕ್ಷಿಯ ಖಟ್ಲೆ ನಡೆದು ಶಿಕ್ಷೆಯಾಯಿತು. ಜಮಾದಾರ ಆ ಹೊತ್ತಿಗೆ ಬೇರೆ ಎಲ್ಲಿಗೋ ವರ್ಗವಾಗಿ ಹೋಗಿದ್ದ, ಅವನಿಗೆ ಏನೂ ಆಗಲಿಲ್ಲ. ವ್ಯಾಪಾರಿಯನ್ನು ಕೊಂದವರು ಯಾರೆಂದು ಇಂದಿಗೂ ಗೊತ್ತಿಲ್ಲ. ನನಗೊಂದು ಅನುಮಾನವಿದೆ, ಬರೆಯುವುದಿಲ್ಲ.

ಬಿಡುಗಡೆಯಾದ ಕೆಲವು ದಿನಗಳಿಗೆ ಗಂಡ ಹೆಂಡತಿ ಛಾಪಖಾನೆಗೆ ಬಂದರು. ನಾನು ಅವನನ್ನು ನೋಡಿದ್ದು ಅದೇ ಮೊದಲು. ಗಿಡ್ಡನೆಯ ಮನುಷ್ಯ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಂಡತಿ ನನ್ನನ್ನು ತೋರಿಸಿ, "ಇವರ ನೋಡ್ರಿ, ಯಾರ ಕಡ್ಯಾವ್ರೂ ಅಲ್ಲದಾವ್ರು," ಎಂದಳು. ನಾನು ಕುರ್ಚಿ ಕೊಟ್ಟೆ, ಅವನು ನೆಲದ ಮೇಲೆಯೇ ಕೂತ. ಚಹಾ ತರಿಸಿದೆ. ಒಳಗೊಳಗೇ ನನಗೆ ಹೆಮ್ಮೆ ಇತ್ತು. ಇಷ್ಟು ಜನ ಕಾಣದ್ದನ್ನು ನಾನೊಬ್ಬ ಕಂಡೆ ಎಂದು. ಗೋಡೆಯ ಪಂಚಾಂಗ ತೆಗೆದು, ತಾರೀಖು ತೋರಿಸಿ, ಅನುಮಾನ ಹೇಗೆ ಬಂತೆಂದು ಅವನಿಗೆ ವಿವರಿಸಿದೆ. ಅವನು ಬಸಿಯಲ್ಲಿ ಚಹಾ ಆರಿಸುತ್ತ ಪೂರ್ತಿ ಕೇಳಿದ.

"ನಾ ಕೋರ್ಟಿನ್ಯಾಗ ಅದನ್ನ ಹೇಳಿದ್ನಲ್ರಿ," ಎಂದ. ದೂರು ಹೇಳುವ ದನಿ ಅಲ್ಲ, ನೆನಪು ಮಾಡಿಕೊಡುವ ದನಿ. "ಏನರ ಹೇಳೂದೈತೇನು ಅಂತ ಸಾಹೇಬ್ರು ಕೇಳಿದ್ರು. ಅವತ್ತ ಗಾಡಿ ಎಲ್ಲಿಂದ ಬರಬೇಕ್ರಿ ಅಂದೆ. ಯಾರೂ ಏನೂ ಅನ್ನಲಿಲ್ಲ. ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲ, ಮತ್ತ್ಯಾಕ ಹೇಳಬೇಕು ಅಂತ ಸುಮ್ಮನಾದೆ."

ಅವರು ಹೋದ ಮೇಲೆ ಕಪಾಟಿನಿಂದ ಮಾಸ್ತರರ ಕಟ್ಟು ತೆಗೆದೆ. ಕೈದಿಯನ್ನು ಕೊನೆಯದಾಗಿ ಪ್ರಶ್ನೆ ಕೇಳುವ ಅಧ್ಯಾಯ ಹುಡುಕಲು ಹೊತ್ತು ಹಿಡಿಯಲಿಲ್ಲ. ಮಾಸ್ತರರು ಕೇಳಿದ್ದನ್ನು ಕೇಳಿದ ಹಾಗೆ, ದುಂಡು ಅಕ್ಷರದಲ್ಲಿ ಬರೆದಿದ್ದರು: "ಅವತ್ತ ಗಾಡಿ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ನಾ ನಡಕೋಂತನ ಹೋದೆ." ಆ ಸಾಲಿನ ಮೇಲೆ ನೀಲಿ ಪೆನ್ಸಿಲ್ಲಿನ ಗೆರೆ ಇತ್ತು. ಅಂಚಿನಲ್ಲಿ ನನ್ನದೇ ಅಕ್ಷರ: "ಅನಗತ್ಯ ಮಾತು. ತೆಗೆಯಬೇಕು."